ಕೂಸಿಗೆ ತೊಟ್ಟಿಲು, ಅಕ್ಕನಿಗೆ ಪಾಟಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತವರಿಗೆ ಹೇಳುವ ವಿಷಯಕ್ಕೆ ಬರವಿರುವುದಿಲ್ಲ. ಪಂಪನಿಂದ ಬೇಂದ್ರೆಯವರ ವರೆಗೆ, ಬನವಾಸಿಯಿಂದ ಹಂಪೆಯ ವರೆಗೆ ಹೆಮ್ಮೆಪಡಲು ನಮಗೆ ಬೇಕಾದಷ್ಟು ಉಂಟು. ಆ ಮಾತುಗಳನ್ನು ನಮಗಿಂತ ಬಲ್ಲವರು ಈಗಾಗಲೆ ಆಡಿದ್ದಾರೆ. ಊಟಕ್ಕೆ ಮೊದಲು ಇನ್ನೂ ಕೆಲವರು ಆಡುವವರಿದ್ದಾರೆ. ಅವರ ನಡುವೆ ನಮಗೆ ದೊರೆತ ಈ ಅಲ್ಪ ಸಮಯವನ್ನು ಈ ಸಭಾಂಗಣದೊಳಗೆ ಇಲ್ಲದ ಕೆಲವು ಕನ್ನಡ ಮಕ್ಕಳ ವಿಷಯಕ್ಕೆ ಬಳಸಿಕೊಳ್ಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ.

೧೯೫೬ರ ನವೆಂಬರ್ ೧ ಎಂದರೆ ಚದುರಿದ್ದ ಕನ್ನಡ ನಾಡು ಒಂದಾದ ದಿನ ಎಂಬುದನ್ನು ನಮ್ಮ ಮನೆಯ ಚಿಕ್ಕ ಮಕ್ಕಳೂ ಬಲ್ಲರು. ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಕೊಡಗು, ಹಳೆಯ ಮೈಸೂರು ಎಲ್ಲವೂ ಕೂಡಿಕೊಂಡುವು. ೧೯೭೩ರ ನವೆಂಬರ್ ೧ರಂದು ಕರ್ನಾಟಕ ಎಂಬ ಹೆಸರೂ ಬಂದಿತು. ಆದರೆ ೧೯೫೬ರ ಅದೇ ದಿನ ನಮ್ಮಂತಹ ಹೊರನಾಡಿಗರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ನಡೆದುದು ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದುದು ಆ ದಿನವೇ. ಅದರಿಂದ ಸೇರ್ಪಡೆಯಾದ ೩೫೦-ಎ ಎಂಬ ವಿಧಿ, ಯಾವ ರಾಜ್ಯದಲ್ಲಿಯೇ ಆಗಲಿ ಭಾಷೆಯಿಂದ ಅಲ್ಪಸಂಖ್ಯಾತರಾದವರ ಮಕ್ಕಳಿಗೆ ಮೊದಲ ತರಗತಿಗಳನ್ನು ತಾಯಿನುಡಿಯಲ್ಲಿ ಕಲಿಸುವ ಅನುಕೂಲ ಒದಗಿಸಲು ಆ ರಾಜ್ಯವೂ ಅಲ್ಲಿಯ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಹೇಳುತ್ತದೆ. ನಾಡಿನ ಗಡಿಗಳನ್ನು ಭಾಷೆಯಂತೆ ಎಳೆದವರು ಗಡಿಯಾಚೆ ಉಳಿಯುವ ಮಗುವನ್ನು ಮರೆಯಲಿಲ್ಲ. ಮುಂಬಯಿಯ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗುಗಳೊಡನೆ ಕನ್ನಡದ ಶಾಲೆಗಳನ್ನೂ ನಡೆಸಿಕೊಂಡು ಬಂದುದನ್ನು ನಾವು ಈ ದಿನ ಕೃತಜ್ಞತೆಯಿಂದ ನೆನೆಯಬೇಕು.

ಇನ್ನು ನಮ್ಮ ಜನ ಈ ಊರಿನಲ್ಲಿ ಹೇಗೆ ಬೇರೂರಿದರು ಎಂಬುದನ್ನು ಸ್ವಲ್ಪ ಜ್ಞಾಪಿಸಿಕೊಳ್ಳೋಣ. ಕರಾವಳಿಯಿಂದ ಹಡಗು ಹತ್ತಿ ಬಂದ ಹುಡುಗರಲ್ಲಿ ಹೆಚ್ಚಿನವರು ಹೋಟೆಲಿನ ಮಾಣಿಗಳಾದರು. ತಟ್ಟೆ ಲೋಟ ತೊಳೆದು, ಮೇಜು ಒರಸಿ, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗಿದ ಹುಡುಗರು ಅವರು. ಅನ್ನಕ್ಕೆ ಕೊರತೆಯಿರಲಿಲ್ಲ, ಅಕ್ಷರಕ್ಕೆ ಕೊರತೆಯಿತ್ತು. ಆ ಕೊರತೆಯನ್ನು ತುಂಬಿದುವು ರಾತ್ರಿ ಶಾಲೆಗಳು. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಕೋಟೆ ಭಾಗದ ಕನ್ನಡ ಉಚಿತ ರಾತ್ರಿ ಶಾಲೆ ಮೊದಲಾದುವುಗಳಲ್ಲಿ ದಿನವೆಲ್ಲ ದುಡಿದ ಹುಡುಗರು ದೀಪದ ಬೆಳಕಿನಲ್ಲಿ ಕುಳಿತು ಓದಿದರು. ಅವರಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕುಗಳಿಗೆ, ಕಚೇರಿಗಳಿಗೆ ಹೋದವರುಂಟು, ವಕೀಲರಾದವರುಂಟು, ತಾವೇ ಹೋಟೆಲುಗಳ ಮಾಲಿಕರಾಗಿ ಮತ್ತೆ ಅದೇ ಶಾಲೆಗಳಿಗೆ ಹಣ ಕೊಟ್ಟವರುಂಟು. ಈ ಸಭೆಯಲ್ಲಿ ಕುಳಿತವರ ಪೈಕಿ ತಂದೆಯೋ ಅಜ್ಜನೋ ಅಂತಹ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕಲಿತವರಾಗಿರುವ ಕುಟುಂಬಗಳು ಕಡಮೆಯಿಲ್ಲ.

ಘಟ್ಟದ ಮೇಲಿನಿಂದ ಬಂದವರಿಗೆ ಇನ್ನೊಂದು ನೆನಪುಂಟು: ಅದು ವಾರಾನ್ನ. ಹಳ್ಳಿಯಿಂದ ಪೇಟೆಗೆ ಓದಲು ಹೋದ ಬಡ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಮತ್ತೊಬ್ಬರ ಮನೆಯಲ್ಲಿ ಉಂಡು ಏಳು ಮನೆಗಳ ಋಣದಲ್ಲಿ ವಿದ್ಯಾವಂತನಾಗುತ್ತಿದ್ದ. ಒಂದೊಂದು ಮನೆಗೆ ಬಿದ್ದ ಭಾರ ವಾರಕ್ಕೊಂದು ದಿನದ ಒಂದು ಎಲೆಯಷ್ಟೆ. ಆದರೆ ಆ ಪದ್ಧತಿಗೆ ಜಾತಿಯ ಕಟ್ಟು ಇತ್ತು ಎಂಬುದನ್ನೂ ಮರೆಯಲಾಗದು. ಆ ಕಟ್ಟಿನ ಹೊರಗೆ ಉಳಿದ ಮಕ್ಕಳಿಗಾಗಿ ಬಾಗಿಲು ತೆರೆದವರೇ ನಿಜವಾದ ದಾರಿ ತೋರಿಸಿದವರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆಯನ್ನೂ ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನೂ ಒದಗಿಸಿದರು; ಮೇಲ್ಜಾತಿಯವರ ಬಹಿಷ್ಕಾರವನ್ನು ಸಹಿಸಿದರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ೧೯೦೬ರಲ್ಲಿ ಇದೇ ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಆರಂಭಿಸಿದರು. ಆದಕಾರಣ ಪರರ ಮಕ್ಕಳಿಗೆ ಅಕ್ಷರ ಕೊಡುವ ಕೆಲಸ ನಮಗೆ ಹೊಸದಲ್ಲ. ಕೊಡಬೇಕಾದ ಮಗು ಇಂದು ಎಲ್ಲಿದೆ, ಅದಕ್ಕೆ ಬೇಕಾದುದೇನು ಎಂಬುದನ್ನು ಮಾತ್ರ ಹೊಸದಾಗಿ ನೋಡಬೇಕಾಗಿದೆ.

ರಾತ್ರಿ ಶಾಲೆಯ ಕಾಲ ಬೇರೆ. ಮಗುವಿನ ಹಗಲು ದುಡಿಮೆಗೆ ಸೇರಿದ್ದು, ಉಳಿದ ರಾತ್ರಿಯನ್ನಾದರೂ ಓದಿಗೆ ಕೊಡೋಣ ಎಂಬುದು ಆಗಿನ ಲೆಕ್ಕ. ಆಗ ಅದು ದೊಡ್ಡ ಉಪಕಾರವೇ ಆಗಿತ್ತು. ಆ ಲೆಕ್ಕ ಈಗ ಬದಲಾಗಿದೆ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ, ಹದಿನಾಲ್ಕು ವರ್ಷ ತುಂಬುವ ವರೆಗೆ ಎಲ್ಲ ಮಕ್ಕಳಿಗೂ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಹತ್ತು ವರ್ಷಗಳೊಳಗೆ ಒದಗಿಸಲು ಸರಕಾರ ಯತ್ನಿಸಬೇಕೆಂದಿತ್ತು. ಹತ್ತು ವರ್ಷ ಐವತ್ತಾಯಿತು. ೨೦೦೨ರ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕಾಯಿತು. ೨೦೦೯ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂದು, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಇತ್ತ ೨೦೦೬ರ ಅಕ್ಟೋಬರ್ ೧೦ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸಕ್ಕೂ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ೨೦೧೬ರಲ್ಲಿ ಎಲ್ಲ ಉದ್ಯೋಗಗಳಿಗೂ ಆ ನಿಷೇಧ ಹರಡಿತು. ಎಂದರೆ ಮಗುವಿನ ಹಗಲು ಈಗ ಮಗುವಿನದು. ಕನ್ನಡದ ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ನಮ್ಮ ಹಿರಿಯರಿಗೆ ಆದ ವ್ಯಥೆ ನಮಗೆ ತಿಳಿಯದುದಲ್ಲ. ಆದರೆ ಹಗಲಿನಲ್ಲಿ ದುಡಿಯುವ ಮಾಣಿಯೇ ಇಲ್ಲದೆ ಹೋಗುವುದು ಆ ಶಾಲೆಗಳನ್ನು ಕಟ್ಟಿದವರು ಬಯಸಿದ ದಿನವೇ ಅಲ್ಲವೆ?

ಆ ಹಗಲು ಎಲ್ಲ ಮಕ್ಕಳ ಕೈಗೂ ಬಂದಿದೆಯೇ ಎಂಬುದೇ ಈಗಿನ ಪ್ರಶ್ನೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಮಳೆ ಕೈಕೊಟ್ಟ ವರ್ಷ ಹೆಚ್ಚಾಗಿಯೂ, ಕೊಟ್ಟ ವರ್ಷ ಸುಗ್ಗಿ ಮುಗಿದ ಮೇಲೂ ಸಂಸಾರಗಳು ಗಂಟು ಕಟ್ಟಿಕೊಂಡು ಮುಂಬಯಿ, ಪುಣೆ, ಹೈದರಾಬಾದು, ಗೋವೆಗಳಿಗೆ ಬರುತ್ತವೆ. ಗಂಡ ಹೆಂಡಿರಿಬ್ಬರೂ ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ನಿಲ್ಲುತ್ತಾರೆ. ಕಟ್ಟಡದ ಮಗ್ಗುಲಲ್ಲಿಯೇ ತಗಡಿನ ಗುಡಿಸಲು. ನಾವು ಹೊಸ ಫ್ಲ್ಯಾಟಿಗೆ ಗೃಹಪ್ರವೇಶ ಮಾಡುವಾಗ ಕಲಶದ ಮುಂದೆ ನೆನೆಯದ ಹೆಸರುಗಳಲ್ಲಿ ಕನ್ನಡ ಹೆಸರುಗಳೂ ಇರುತ್ತವೆ. ಅವರು ನಮ್ಮ ಸಂಘದ ಸದಸ್ಯರಲ್ಲ. ರಾಜ್ಯೋತ್ಸವದ ಆಮಂತ್ರಣ ಅವರಿಗೆ ಹೋಗುವುದಿಲ್ಲ. ಹೋದರೂ ಓದುವವರು ಕಡಮೆ.

ನಮ್ಮ ಸಂಘದ ಕೆಲವರು ಕೂಡಿ ಇಂತಹ ಒಂದು ಸ್ಥಳಕ್ಕೆ ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದೇವೆ. ಮೊದಲ ಸಲ ಹೋದಾಗ, ಇಂತಹ ಕೆಲಸಕ್ಕೆ ಹೊರಟವರೆಲ್ಲ ಮಾಡುವಂತೆ, ನೋಟ್‌ಬುಕ್ಕು, ಪೆನ್ಸಿಲು, ಬಿಸ್ಕತ್ತುಗಳನ್ನು ಒಯ್ದಿದ್ದೆವು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ನೋಟ್‌ಬುಕ್ಕು ಕೊಟ್ಟಾಗ ಅವಳ ತಾಯಿ ಅಂದ ಮಾತು ಹೀಗಿತ್ತು: “ನೋಟ್‌ಬುಕ್ಕ ತಗೊಂಡು ಏನ್ ಮಾಡ್ಲಿರೀ ಅಣ್ಣಾರ? ಈ ಕೂಸಿನ್ನ ಹಿಡಕೊಳ್ಳವ್ರು ಯಾರರ ಇದ್ರ ನಮ್ಮ ಹುಡುಗಿ ಸಾಲಿಗಿ ಹೋಗ್ತಾಳ್ರಿ.”

ಈ ಹೊತ್ತು ನಾವು ಹೇಳಬೇಕೆಂದಿರುವುದೆಲ್ಲ ಆ ತಾಯಿಯ ಮಾತಿನಲ್ಲಿಯೇ ಇದೆ. ಪಾಲಿಕೆಯ ಶಾಲೆ ದೂರವಿರಲಿಲ್ಲ; ಶುಲ್ಕವಿರಲಿಲ್ಲ; ಮಧ್ಯಾಹ್ನದ ಊಟವೂ ಇತ್ತು. ಹುಡುಗಿಗೆ ಬುದ್ಧಿಯೂ ಇತ್ತು, ಆಸೆಯೂ ಇತ್ತು. ಅಡ್ಡವಾಗಿದ್ದುದು ಸೊಂಟದ ಮೇಲಿನ ತಮ್ಮ. ಅವನನ್ನು ಇಳಿಸಿ ಹೋದರೆ ಅವನು ಎಲ್ಲಿ ಹೋದಾನು? ಜಲ್ಲಿಯ ರಾಶಿಗೆ, ಕಂಬಿಯ ಮೊನೆಗೆ, ಲಿಫ್ಟಿಗಾಗಿ ಬಿಟ್ಟ ಗುಂಡಿಗೆ, ಕಟ್ಟಡಕ್ಕೆ ನೀರು ಉಣಿಸಲು ತುಂಬಿಸಿಟ್ಟ ತೆರೆದ ತೊಟ್ಟಿಗೆ, ಹಿಂದೆ ಸರಿಯುವ ಲಾರಿಯ ಗಾಲಿಗೆ. ಆದಕಾರಣ ಮನೆಯವರು ಒಂದು ಮಗುವಿನ ಪ್ರಾಣಕ್ಕೆ ಇನ್ನೊಂದು ಮಗುವಿನ ವಿದ್ಯೆಯನ್ನು ತೆತ್ತಿದ್ದರು. ಬೇರೆ ದಾರಿ ಅವರಿಗೆ ಇರಲಿಲ್ಲ.

ನಾವು ಶಿಕ್ಷಣ ಒಂದು ವಿಷಯ, ಸುರಕ್ಷತೆ ಇನ್ನೊಂದು ವಿಷಯ ಎಂದು ಎರಡು ಉಪಸಮಿತಿಗಳನ್ನು ಮಾಡುತ್ತೇವೆ. ಗುಡಿಸಲಿನಲ್ಲಿ ಅವೆರಡೂ ಒಂದೇ. ಕೂಸಿಗೆ ತೊಟ್ಟಿಲು ಸಿಕ್ಕಿದ ದಿನ ಅಕ್ಕನಿಗೆ ಪಾಟಿ ಸಿಕ್ಕುತ್ತದೆ. ಅದಕ್ಕೆ ಮೊದಲು ಕೊಟ್ಟ ಪಾಟಿ ಗುಡಿಸಲಿನ ಮೂಲೆಯಲ್ಲಿಯೇ ಉಳಿಯುತ್ತದೆ.

ಈ ಸತ್ಯವನ್ನು ಕಂಡುಕೊಂಡವರು ನಮಗಿಂತ ಮೊದಲೇ ಇದ್ದಾರೆ. ೧೯೬೯ರಲ್ಲಿ ದಿಲ್ಲಿಯಲ್ಲಿ ಗಾಂಧೀ ಶತಮಾನೋತ್ಸವದ ಪ್ರದರ್ಶನಕ್ಕಾಗಿ ರಾಜಘಾಟಿನ ಬಳಿ ಕಟ್ಟಡಗಳು ಏಳುತ್ತಿದ್ದಾಗ, ಕೂಲಿ ಹೆಂಗಸರ ಕೂಸುಗಳು ಧೂಳಿನಲ್ಲಿ ಹೊರಳುತ್ತಿರುವುದನ್ನು ಮೀರಾ ಮಹಾದೇವನ್ ಅವರು ಕಂಡರು. ಗಾಂಧೀಜಿಯ ಹೆಸರಿನ ಕಟ್ಟಡದ ನೆರಳಿನಲ್ಲಿಯೇ ಹೀಗಾದರೆ ಹೇಗೆಂದು ಅಲ್ಲೇ ಒಂದು ಡೇರೆ ಹಾಕಿಸಿ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿದರು. ‘ಮೊಬೈಲ್ ಕ್ರೆಶಸ್’ ಎಂಬ ಸಂಸ್ಥೆ ಹುಟ್ಟಿದುದು ಹಾಗೆ. ಕೆಲವೇ ವರ್ಷಗಳಲ್ಲಿ ಅದು ಮುಂಬಯಿಗೂ ಬಂದಿತು. ಕೆಲಸ ಮುಗಿದು ಕೂಲಿಯವರು ಬೇರೆಡೆಗೆ ಹೋದರೆ ಕೂಸಿನ ಮನೆಯೂ ಅವರ ಹಿಂದೆ ಹೋಗಬೇಕು ಎಂಬುದು ಅದರ ಹೆಸರಿನ ಅರ್ಥ.

‘ಕೂಸಿನ ಮನೆ’ ಎಂಬ ಮಾತು ನಮ್ಮದಲ್ಲ. ೨೦೨೩ರಲ್ಲಿ ಕರ್ನಾಟಕ ಸರಕಾರವು ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲು ಹೊರಟಾಗ ಅವುಗಳಿಗೆ ಇಟ್ಟ ಹೆಸರು ಅದು. ಕೇಳಿದೊಡನೆ ಅರ್ಥವಾಗುವ ಹೆಸರಾದುದರಿಂದ ನಾವೂ ಎರವಲು ಪಡೆದಿದ್ದೇವೆ.

ಕೂಸಿನ ಮನೆ ನಡೆಯುವ ರೀತಿ ಸರಳ. ತಾಯಿ ಕೆಲಸಕ್ಕೆ ನಿಲ್ಲುವ ಹೊತ್ತಿಗೆ ತೆರೆಯಬೇಕು, ತಾಯಿ ಬರುವ ವರೆಗೆ ಮುಚ್ಚಬಾರದು. ಎರಡು ಗಂಟೆಯ ಬಾಲವಾಡಿಯಿಂದ ಕೂಲಿಯವಳಿಗೆ ಪ್ರಯೋಜನವಿಲ್ಲ. ಒಳಗೆ ಮೂರು ಗುಂಪು: ಮೂರು ವರ್ಷದೊಳಗಿನ ಕೂಸುಗಳಿಗೆ ತೊಟ್ಟಿಲು ಮತ್ತು ಚಾಪೆ, ಮೂರರಿಂದ ಆರರ ವರೆಗಿನವರಿಗೆ ಹಾಡು, ಆಟ, ಬಣ್ಣ, ಆರು ದಾಟಿದವರನ್ನು ಶಾಲೆಗೆ ಸೇರಿಸಿ ಬಂದ ಮೇಲೆ ಪಾಠ ಹೇಳಿಕೊಡುವುದು. ಬಿಸಿ ಊಟ, ಕುದಿಸಿದ ನೀರು, ತಿಂಗಳಿಗೊಮ್ಮೆ ತೂಕ, ಆಗಾಗ ವೈದ್ಯರ ಭೇಟಿ, ಲಸಿಕೆಗಳ ಲೆಕ್ಕ. ಮೊಲೆಯುಣ್ಣುವ ಕೂಸಿದ್ದರೆ ತಾಯಿ ಕೆಲಸದ ನಡುವೆ ಬಂದು ಹೋಗುವಷ್ಟು ಹತ್ತಿರದಲ್ಲಿರಬೇಕು. ನೋಡಿಕೊಳ್ಳುವವರು ತರಬೇತಾದ ಹೆಂಗಸರಾಗಿರಬೇಕು, ಅವರಿಗೆ ಸರಿಯಾದ ಸಂಬಳವಿರಬೇಕು. ಸೇವೆಯ ಹೆಸರಿನಲ್ಲಿ ಬಡ ಹೆಂಗಸಿನ ದುಡಿಮೆಯನ್ನು ಅಗ್ಗಕ್ಕೆ ಕೊಳ್ಳಬಾರದು.

ಇದರಿಂದ ಪ್ರಾಣ ಉಳಿಯುತ್ತದೆಯೆ ಎಂದು ಕೇಳುವವರಿಗೆ ಬಂಗ್ಲಾದೇಶದ ಹಳ್ಳಿಗಳ ಅನುಭವ ಉತ್ತರ ಕೊಡುತ್ತದೆ. ಅಲ್ಲಿ ಮನೆಯ ಸುತ್ತಲೂ ಹೊಂಡಗಳು. ಚಿಕ್ಕ ಮಕ್ಕಳು ನೀರಿಗೆ ಬಿದ್ದು ಸಾಯುವುದು ಹೆಚ್ಚಾಗಿ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರೊಳಗೆ, ತಾಯಂದಿರ ಕೈ ಕೆಲಸದಲ್ಲಿ ಸಿಕ್ಕಿಕೊಂಡಿರುವಾಗ, ಎಂದು ಕಂಡುಬಂದಿತು. ಆ ಹೊತ್ತಿಗೆ ಊರ ಹೆಂಗಸೊಬ್ಬಳ ಮನೆಯಲ್ಲಿ ಮಕ್ಕಳನ್ನು ಕೂಡಿಸಿ ನೋಡಿಕೊಂಡರೆ ಸಾವು ಬಹಳ ಇಳಿಯುತ್ತದೆಂದು ತಿಳಿದುಬಂದಿತು. ಚಿಕ್ಕ ಮಕ್ಕಳು ನೀರಿನಲ್ಲಿ ಮುಳುಗದಂತೆ ಕಾಯುವ ಉಪಾಯಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೂ ಸೇರಿಸಿದೆ. ಯಂತ್ರವಿಲ್ಲ, ಔಷಧವಿಲ್ಲ, ಆ ಹೊತ್ತಿನಲ್ಲಿ ಮಗುವಿನ ಮೇಲೆ ದೊಡ್ಡವರ ಒಂದು ಕಣ್ಣು ಇರಬೇಕು, ಅಷ್ಟೆ.

ಇದು ಕೇವಲ ದಾನದ ವಿಷಯವೂ ಅಲ್ಲ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಸ್ಥಳದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯೊಂದನ್ನು ಒದಗಿಸಬೇಕೆಂದು ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಕಾನೂನು ಕಾಗದದಿಂದ ಇಳಿದು ಬರಬೇಕಾದರೆ ಕೇಳುವವರಿರಬೇಕು. ಕೂಲಿಯವಳು ಕೇಳಿದರೆ ನಾಳೆ ಅವಳಿಗೆ ಕೆಲಸವಿಲ್ಲ. ಆ ಕಟ್ಟಡದಲ್ಲಿ ಫ್ಲ್ಯಾಟು ಕೊಳ್ಳುವವರು ಕೇಳಿದರೆ ಬಿಲ್ಡರು ಕಿವಿಗೊಡುತ್ತಾನೆ. ನಮ್ಮಲ್ಲಿ ಮನೆ ಕೊಳ್ಳುವವರು ಪಾರ್ಕಿಂಗು ಎಲ್ಲಿ, ನೀರು ಎಷ್ಟು ಹೊತ್ತು, ವಾಸ್ತು ಹೇಗೆ ಎಂದು ತಪ್ಪದೆ ಕೇಳುತ್ತಾರೆ. ಅದರೊಡನೆ “ಇಲ್ಲಿ ಕೆಲಸದವರ ಮಕ್ಕಳಿಗೆ ಜಾಗ ಎಲ್ಲಿ ಮಾಡಿದ್ದೀರಿ?” ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ. ಅದಕ್ಕೆ ಚಂದಾ ಹಣವೇನೂ ಬೇಕಾಗಿಲ್ಲ.

ಇನ್ನು ಅಕ್ಕನ ಪಾಟಿಯ ವಿಷಯ. ತಮ್ಮ ಇಳಿದ ಮೇಲೂ ಅವಳ ದಾರಿಯಲ್ಲಿ ಎರಡು ಕಲ್ಲುಗಳುಂಟು. ಮೊದಲನೆಯದು ಕಾಗದಪತ್ರ. ಊರ ಶಾಲೆಯ ವರ್ಗಾವಣೆ ಪತ್ರವಿಲ್ಲ, ಹುಟ್ಟಿದ ದಿನದ ದಾಖಲೆಯಿಲ್ಲ, ಶಾಲೆ ಆರಂಭವಾಗಿ ಮೂರು ತಿಂಗಳಾಗಿದೆ ಎಂಬ ಮಾತುಗಳನ್ನು ಕೇಳಿ ತಂದೆ ಹಿಂದಿರುಗಿ ಬರುತ್ತಾನೆ. ಆದರೆ ಶಿಕ್ಷಣ ಹಕ್ಕು ಕಾಯಿದೆ ಇವುಗಳಿಗೆಲ್ಲ ಉತ್ತರ ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಕೂಡದು. ವಯಸ್ಸಿನ ದಾಖಲೆಯಿಲ್ಲವೆಂದು ನಿರಾಕರಿಸಕೂಡದು. ವರ್ಷದ ನಡುವೆ ಬಂದವರನ್ನೂ ಸೇರಿಸಿಕೊಳ್ಳಬೇಕು. ಓದು ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ಹಿಂದುಳಿದುದನ್ನು ವಿಶೇಷವಾಗಿ ಕಲಿಸಿಕೊಡಬೇಕು. ವಲಸೆ ಬಂದವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಇಷ್ಟನ್ನು ತಿಳಿದ ಒಬ್ಬರು, ಮರಾಠಿ ಬಲ್ಲವರು, ಆ ತಂದೆಯ ಜತೆಗೆ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ನಮ್ರತೆಯಿಂದ ಮಾತನಾಡಿದರೆ ಕೆಲಸವಾಗುತ್ತದೆ. ನಮ್ಮಲ್ಲಿ ಮಂತ್ರಾಲಯದಲ್ಲಿ, ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ ಮೂವತ್ತು ನಾಲ್ವತ್ತು ವರ್ಷ ಅರ್ಜಿಗಳೊಡನೆ ಬಾಳಿ ನಿವೃತ್ತರಾದವರಿದ್ದಾರೆ. ಅವರ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದುಂಟು?

ಎರಡನೆಯ ಕಲ್ಲು ಭಾಷೆ. ಮನೆಯಲ್ಲಿ ಒಂದು ಮಾತು, ಊರ ಶಾಲೆಯಲ್ಲಿ ಕನ್ನಡ, ಇಲ್ಲಿಯ ಶಾಲೆಯಲ್ಲಿ ಮರಾಠಿ. ಲಮಾಣಿ ತಾಂಡಾದಿಂದ ಬಂದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಆರು ತಿಂಗಳಿಗೆ ಹಿಂದಿರುಗುವ ಮಗುವಿಗೆ ಕನ್ನಡದ ಓದು ತಪ್ಪಬಾರದು. ಇಲ್ಲಿಯೇ ನಿಲ್ಲುವ ಮಗುವಿಗೆ ಮರಾಠಿ ಬಂದರೇ ಬದುಕು. ಇದು ಮೊಂಡುತನದಿಂದ ತೀರ್ಮಾನಿಸುವ ವಿಷಯವಲ್ಲ; ಒಂದೊಂದು ಸಂಸಾರವನ್ನು ಕೇಳಿ ತಿಳಿದು ಮಾಡಬೇಕಾದ ಕೆಲಸ. ಸಮೀಪದಲ್ಲಿ ಕನ್ನಡ ಶಾಲೆಯಿದ್ದರೆ ಅಲ್ಲಿಗೆ ಸೇರಿಸೋಣ; ಇಲ್ಲದಿದ್ದರೆ ಮರಾಠಿ ಶಾಲೆಗೆ ಸೇರಿಸಿ ಸಂಜೆ ಒಂದು ಗಂಟೆ ಕನ್ನಡದಲ್ಲಿ ಓದು ಬರಹ ಹೇಳಿಕೊಡೋಣ. ಹೊಸ ಊರಿನ ಹೊಸ ಶಾಲೆಯಲ್ಲಿ ಬಾಯಿ ಕಟ್ಟಿ ಕುಳಿತ ಮಗುವಿಗೆ ಅದರ ಮಾತು ತಿಳಿಯುವ ಒಬ್ಬರು ಸಿಕ್ಕರೆ ಅರ್ಧ ಭಯ ಹೋಗುತ್ತದೆ. ೧೯೮೮ರಲ್ಲಿ ಮುಂಬಯಿಯಲ್ಲಿ ಆರಂಭವಾದ ಡೋರ್ ಸ್ಟೆಪ್ ಸ್ಕೂಲ್ ಸಂಸ್ಥೆಯವರು ಶಾಲೆಗೆ ಬರಲಾಗದವರ ಬಳಿಗೆ ಬಸ್ಸಿನಲ್ಲಿಯೇ ಶಾಲೆಯನ್ನು ಒಯ್ದಿದ್ದಾರೆ. ೧೯೯೫ರಿಂದ ಪ್ರಥಮ್ ಸಂಸ್ಥೆಯವರು ಇಲ್ಲಿಯ ಕೊಳೆಗೇರಿಗಳಲ್ಲಿ ಬಾಲವಾಡಿಗಳನ್ನು ನಡೆಸಿ ದೇಶಕ್ಕೆಲ್ಲ ಹರಡಿದ್ದಾರೆ. ಅವರ ಕೆಲಸವನ್ನು ನಾವು ಮತ್ತೆ ಮೊದಲಿನಿಂದ ಮಾಡಬೇಕಾಗಿಲ್ಲ. ಅವರಲ್ಲಿ ಇಲ್ಲದೆ ನಮ್ಮಲ್ಲಿರುವುದು ಕನ್ನಡ. ಅದನ್ನು ಅವರ ಕೆಲಸಕ್ಕೆ ಕೂಡಿಸಿದರೆ ಸಾಕು.

ಸುರಕ್ಷತೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ತಾಯಂದಿರು ಮನ್ನಿಸಬೇಕು. ಮಗುವಿಗೆ ಭಯ ಗುಂಡಿಯಿಂದ, ಲಾರಿಯಿಂದ ಮಾತ್ರ ಅಲ್ಲ. ಕೆಟ್ಟ ಮನುಷ್ಯರಿಂದಲೂ ಉಂಟು. ಅವರು ಅನೇಕ ವೇಳೆ ಪರಿಚಿತರೇ ಆಗಿರುತ್ತಾರೆ. ೨೦೧೨ರ ಪೋಕ್ಸೋ ಕಾಯಿದೆಯಂತೆ ಹದಿನೆಂಟು ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಸಹಾಯ ಮಾಡಲು ಹೋಗುವ ನಾವೂ ಕೆಲವು ನಿಯಮಗಳಿಗೆ ಒಳಪಡಬೇಕು. ನಮ್ಮಲ್ಲಿ ಯಾರೂ, ಎಷ್ಟು ಗೌರವಸ್ಥರಾದರೂ, ಮಗುವೊಂದರೊಡನೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಕೂಡದು. ಯಾವಾಗಲೂ ಇಬ್ಬರಿರಬೇಕು, ಒಬ್ಬರು ಹೆಂಗಸಾಗಿರಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಿಸ್ಕತ್ತಿನೊಡನೆ ಫೋಟೋ ತೆಗೆದು ಪ್ರಕಟಿಸುವುದು ಬೇಡ. ನಮ್ಮ ಮಕ್ಕಳ ಫೋಟೋವನ್ನು ಅಪರಿಚಿತರು ಹಾಗೆ ಹಾಕಿದರೆ ನಾವು ಸಹಿಸುವೆವೆ? ಹಾಗೆಯೇ ಎಲ್ಲ ಮಕ್ಕಳಿಗೂ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಸೋಣ: ಹತ್ತು, ಒಂಬತ್ತು, ಎಂಟು. ೧೦೯೮ ಎಂಬ ಈ ದೂರವಾಣಿ ೧೯೯೬ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಪ್ರಯೋಗವಾಗಿ, ಬೀದಿಯ ಮಕ್ಕಳ ಕರೆಗೆ ಓಗೊಡಲು ಆರಂಭವಾಯಿತು. ಚೈಲ್ಡ್‌ಲೈನ್ ಎಂಬ ಹೆಸರಿನಲ್ಲಿ ದೇಶವೆಲ್ಲ ಹರಡಿದ ಆ ಸೇವೆಯನ್ನು ೨೦೨೩ರಿಂದ ಸರಕಾರವೇ ನಡೆಸುತ್ತಿದೆ. ಕರೆಗೆ ಕಾಸಿಲ್ಲ, ಹಗಲು ರಾತ್ರಿಯೆಂಬುದಿಲ್ಲ. ಗುಡಿಸಲಿನ ಮಕ್ಕಳಿಗೆ ಹೇಗೋ ಹಾಗೆ ನಮ್ಮ ಫ್ಲ್ಯಾಟಿನ ಮಕ್ಕಳಿಗೂ ಇದು ಗೊತ್ತಿರಬೇಕು.

ಈ ಮಾತುಗಳನ್ನು ನಮ್ಮ ಸಭೆಗಳಲ್ಲಿ ಎತ್ತಿದಾಗ ಕೆಲವು ಆಕ್ಷೇಪಗಳು ಬಂದಿವೆ. ಅವು ವಿಚಾರ ಮಾಡತಕ್ಕವೇ. “ಇದು ಸರಕಾರದ ಕೆಲಸ, ಸಂಘಕ್ಕೆ ಯಾಕೆ?” ಎಂದು ಕೆಲವರು. ಸರಕಾರದ ಕೆಲಸವೆಂಬುದು ನಿಜ. ಅದಕ್ಕಾಗಿಯೇ ಹೊಸ ಶಾಲೆ ಕಟ್ಟುವ ಮಾತನ್ನು ನಾವು ಆಡಿಲ್ಲ. ಸರಕಾರದ ಶಾಲೆಗೂ ಗುಡಿಸಲಿಗೂ ನಡುವಿನ ನಾನೂರು ಹೆಜ್ಜೆ ಯಾರದೂ ಅಲ್ಲದೆ ಬಿದ್ದಿದೆ. ಅಷ್ಟು ದೂರ ಕೈಹಿಡಿದು ನಡೆಸುವ ಕೆಲಸ ನಮ್ಮದಾಗಲಿ. “ಇವರು ಇಂದು ಇದ್ದು ನಾಳೆ ಹೋಗುವವರು, ಕಲಿಸಿ ಏನು ಫಲ?” ಎಂದು ಕೆಲವರು. ಮೂರು ತಿಂಗಳು ತಪ್ಪದೆ ಶಾಲೆಗೆ ಹೋದ ಮಗುವಿಗೆ ಮುಂದಿನ ಊರಿನಲ್ಲಿ ಶಾಲೆಯ ಬಾಗಿಲು ಅಪರಿಚಿತವಾಗಿರುವುದಿಲ್ಲ. ಹೋಗುವಾಗ ಒಂದು ಹಾಳೆಯಲ್ಲಿ ಯಾವ ತರಗತಿ, ಏನು ಕಲಿತಿದೆ, ಯಾವ ಲಸಿಕೆ ಆಗಿದೆ ಎಂದು ಬರೆದು ಕೊಟ್ಟರೆ ಮುಂದಿನವರಿಗೆ ಆಧಾರವಾಗುತ್ತದೆ. “ಅಲ್ಲಿರುವವರೆಲ್ಲ ಕನ್ನಡಿಗರಲ್ಲವಲ್ಲ?” ಎಂಬುದು ಮೂರನೆಯ ಆಕ್ಷೇಪ. ಅಲ್ಲ. ತೆಲುಗರಿದ್ದಾರೆ, ಬಂಗಾಳಿಗಳಿದ್ದಾರೆ, ಬಿಹಾರದವರಿದ್ದಾರೆ. ಕೂಸಿನ ಮನೆಯ ಬಾಗಿಲಿನಲ್ಲಿ ತಾಯಿನುಡಿಯನ್ನು ಕೇಳಿ ಒಳಗೆ ಬಿಡಲಾಗದು. ವಾರಾನ್ನಕ್ಕಿದ್ದ ಕಟ್ಟು ನಮ್ಮ ಕೆಲಸಕ್ಕೆ ಇರಬಾರದು. ನಮ್ಮ ನುಡಿಯ ತಾಯಿಯ ಮಾತು ಕೇಳಿ ಹೊರಟೆವು. ಹೊರಟ ಮೇಲೆ ಪಕ್ಕದ ಗುಡಿಸಲಿನ ಕೂಸನ್ನು ಬಿಟ್ಟುಬರುವುದು ಕನ್ನಡಕ್ಕೆ ಶೋಭೆಯಲ್ಲ.

ಕೊನೆಯದಾಗಿ ನಮ್ಮ ಬಿನ್ನಹ. ಹಣವನ್ನು ನಾವು ಮೊದಲು ಕೇಳುತ್ತಿಲ್ಲ. ಮೊದಲು ಹೊತ್ತನ್ನು ಕೇಳುತ್ತಿದ್ದೇವೆ. ನಮ್ಮ ಹಿರಿಯರು ವಾರಾನ್ನ ಕೊಟ್ಟಂತೆ ನಾವು ವಾರದ ಹೊತ್ತು ಕೊಡೋಣ. ಒಂದು ಕುಟುಂಬಕ್ಕೆ ವಾರದಲ್ಲಿ ಒಂದು ದಿನ, ಎರಡು ಗಂಟೆ. ಕೂಸಿನ ಮನೆಯನ್ನು ನಡೆಸುವ ಭಾರ ಅದರಲ್ಲಿ ಪಳಗಿದ ಸಂಸ್ಥೆಗಳದು. ಸೋಮವಾರದ ಮನೆಯವರು ಅಲ್ಲಿ ಕಥೆ ಹೇಳಲಿ, ಮಂಗಳವಾರದವರು ಮಕ್ಕಳನ್ನು ಶಾಲೆಗೆ ಮುಟ್ಟಿಸಿ ಬರಲಿ, ಬುಧವಾರದವರು ಸಂಜೆ ಕನ್ನಡ ಅಕ್ಷರ ತಿದ್ದಿಸಲಿ, ಗುರುವಾರದವರು ಅರ್ಜಿ ಬರೆದು ಕೊಡಲಿ. ನಮ್ಮಲ್ಲಿ ವೈದ್ಯರಿದ್ದಾರೆ, ಅವರಿಗೊಂದು ದಿನ. ಹೋಟೆಲು ನಡೆಸುವವರಿದ್ದಾರೆ, ಒಂದು ಹೊತ್ತಿನ ಬಿಸಿ ಅನ್ನ ಸಾರು ಅವರಿಗೆ ದೊಡ್ಡದಲ್ಲ. ಏಳು ಮನೆಯವರು ಒಪ್ಪಿದರೆ ಒಂದು ಸ್ಥಳದ ಒಂದು ವಾರ ತುಂಬುತ್ತದೆ. ಆಮೇಲೆ ಹಣ ಬೇಕಾದರೆ ಅದಕ್ಕೆ ಲೆಕ್ಕವಿಟ್ಟು, ಪ್ರತಿ ಮೂರು ತಿಂಗಳಿಗೊಮ್ಮೆ ಸಂಘದ ಫಲಕದಲ್ಲಿ ಪೈಸೆ ಪೈಸೆಯನ್ನೂ ಬರೆದು ಹಾಕುತ್ತೇವೆ.

ಸಭಾಂಗಣದ ಹೊರಗೆ ಪಾದರಕ್ಷೆಗಳ ಬಳಿ ಒಂದು ಮೇಜನ್ನಿಟ್ಟು, ಅದರ ಮೇಲೆ ವಾರದ ಏಳು ದಿನಗಳನ್ನು ಬರೆದ ಒಂದು ವಹಿಯನ್ನು ತೆರೆದಿಟ್ಟಿದ್ದೇವೆ. ಭಾನುವಾರದ ಎದುರು ಈಗಾಗಲೆ ಹೆಸರುಗಳಿವೆ. ಉಳಿದ ಆರು ದಿನಗಳು ಬಿಳಿಯಾಗಿವೆ. ತಾವು ಊಟಕ್ಕೆ ಹೋಗುವ ದಾರಿಯೂ ಅದೇ. ಒಂದು ನಿಮಿಷ ನಿಂತು, ತಮಗೆ ಅನುಕೂಲವಾದ ದಿನದ ಎದುರು ಮನೆಯ ಹೆಸರನ್ನು ಬರೆದು ಮುಂದೆ ಹೋಗಬೇಕೆಂದು ಪ್ರಾರ್ಥಿಸುತ್ತೇವೆ.